ಬೀರಿ ಮಾಡಿದ ಹಿಂದೂಸ್ಥಾನ

ನನಗೆ ಸಿಟ್ಟು ಬೇಗ. ಕಾರವಾರದ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅಂಕೋಲೆಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದ ಮೇಲೆ ಅಲ್ಲಿಯವರಿಗೂ ಗೊತ್ತಾಯಿತು. ಆದರೆ ಮೂವತ್ತಾರನೆಯ ಇಸವಿಯ ಅಕ್ಟೋಬರದಲ್ಲಿ, ಕಾರವಾರದ ಕಚೇರಿಯಲ್ಲಿ ಶಾಲೆಗಳ ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರ ಮೇಜಿನ ಮುಂದೆ ನಿಂತಾಗ ಬಂದಂಥ ಸಿಟ್ಟು ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ನಾನು ಕೇಳಲು ಹೋದದ್ದು ಐದನೆ ಇಯತ್ತೆಯನ್ನು, ಅಂದರೆ ಐದನೆ ತರಗತಿಯನ್ನು. ನಮ್ಮ ಶಾಲೆಯಲ್ಲಿ ಇದ್ದದ್ದು ನಾಲ್ಕೇ ಇಯತ್ತೆ. ನಾಲ್ಕನೆಯದು ಪಾಸಾದ ಒಂಬತ್ತು ಹುಡುಗಿಯರು ಜೂನ್ ತಿಂಗಳಿನಿಂದ ಸುಮ್ಮನೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ನಾನೂ ಸುಮ್ಮನೆ ಅವರಿಗೆ ಮುಂದಿನ ಪಾಠ ಹೇಳುತ್ತಿದ್ದೆ. ದಫ್ತರದ ಲೆಕ್ಕದಲ್ಲಿ ಆ ಹುಡುಗಿಯರೂ ಇಲ್ಲ, ಆ ಇಯತ್ತೆಯೂ ಇಲ್ಲ. ಮನೆಯವರು ಎಷ್ಟು ದಿನ ಕಳಿಸಿಯಾರು? ಒಬ್ಬೊಬ್ಬರನ್ನಾಗಿ ಬಿಡಿಸುವ ಮಾತು ಶುರುವಾಗಿತ್ತು.

ಸಾಹೇಬರು ವಿಜಾಪುರದ ಕಡೆಯವರು. ಕೆಟ್ಟವರೇನಲ್ಲ, ಆದರೆ ಮಾತು ಜೋಳದ ರೊಟ್ಟಿ ಬಡಿದ ಹಾಗೆ ಪಟಪಟ. "ನೋಡ್ರಿ ಬಾಯಿಯವರ, ನಾ ನೂರಾರು ಸಾಲಿ ನೋಡೇನಿ. ಭೂಗೋಲ ಅಂದ್ರ ಹುಡಿಗ್ಯಾರು ಗಿಳಿ ಹಂಗ ಒಪ್ಪಸ್ತಾರ. ಗೋದಾವರಿ ಎಲ್ಲಿ ಹುಟ್ಟತೈತಿ, ಎಲ್ಲಿ ಸೇರತೈತಿ, ಎಲ್ಲಾ ಬಾಯಾಗ. ಯಾಕ ಆ ಕಡೆ ಹರೀತೈತಿ ಅಂತ ಕೇಳ್ರಿ, ಗಪ್ಪ! ದೇಶ ತಿಳೀಲಾರದವರಿಗೆ ಐದನೆ ಇಯತ್ತೆ ಯಾತಕ್ಕ?"

"ನಮ್ಮ ಹುಡುಗಿಯರಿಗೆ ತಿಳಿದಿದೆ ಅಂತ ತೋರಿಸಿದರೆ ಮಂಜೂರಿ ಕೊಡ್ತೀರಾ?" ಎಂದೆ. ಧ್ವನಿ ಸ್ವಲ್ಪ ಜೋರೇ ಆಯಿತೇನೋ, ಆಚೆ ಕುಳಿತ ಕಾರಕೂನ ತಲೆ ಎತ್ತಿ ನೋಡಿದ.

ಸಾಹೇಬರು ನಕ್ಕರು. "ತೋರಸ್ರಿ. ನವೆಂಬರ ಮೂರನೆ ಶನಿವಾರ ಬರ್ತೀನಿ. ತಿಳಿದಿದ್ರ ಅಲ್ಲೇ ಬರದು ಕೊಡ್ತೀನಿ. ಇಲ್ಲಾಂದ್ರ ಮತ್ತ ಈ ಮಾತು ಎತ್ತಬ್ಯಾಡ್ರಿ."

ತಿರುಗಿ ಬರುವಾಗ ಮೋಟಾರು ಅಮದಳ್ಳಿ ದಾಟುವುದರೊಳಗೆ ನಾನು ನಿಶ್ಚಯ ಮಾಡಿಬಿಟ್ಟಿದ್ದೆ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮಣ್ಣಿನಿಂದ ಹಿಂದೂಸ್ಥಾನವನ್ನೇ ಮಾಡುವುದು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹದಿನಾರು ಮೊಳ. ಬೆಟ್ಟ, ಬಯಲು, ಮರುಭೂಮಿ ಎಲ್ಲ ಇರಬೇಕು. ನೀರು ಹೊಯ್ದರೆ ನದಿಗಳು ಹರಿಯಬೇಕು. ಸಾಹೇಬರು ಮೂಗಿನ ಮೇಲೆ ಬೆರಳಿಡಬೇಕು!

ಅಂಕೋಲೆಯಲ್ಲಿ ಇಳಿದರೆ ಮಾಮಲೇದಾರ ಕಚೇರಿಯ ಕಾರಕೂನ ಹರಿಶ್ಚಂದ್ರರು ಶಾಲೆಯ ಬೇಲಿ ಹತ್ತಿರವೇ ಕಾಯುತ್ತಿದ್ದರು. ಅವರ ಮಗಳು ಕಾಶಿ ನನ್ನ ಒಂಬತ್ತು ಹುಡುಗಿಯರಲ್ಲಿ ಒಬ್ಬಳು. ಹನ್ನೆರಡು ವರ್ಷ. ಒಂದು ಸಲ ಓದಿದ್ದನ್ನು ಎರಡನೆ ಸಲ ನನಗೇ ಕೇಳಿಸುವಂಥ ಚುರುಕು.

"ಅಕ್ಕೋರೆ, ಸಿಟ್ಟ್ ಮಾಡ್ಕಣಬೇಡಿ. ಇಲ್ಲದ ಇಯತ್ತೆಗೆ ಮಗಳ್ನ ಹೇಂಗೆ ಕಳ್ಸೂದು? ಜನ ನಗ್ತ್ರು. ಬರೂ ತಿಂಗ್ಳು ಮಾಜಾಳಿಗೆ, ನನ್ ಅಕ್ಕನ ಮನಿಗೆ ಕಳ್ಸ್ತೆ. ಮನಿಕೆಲ್ಸ ಕಲೀಲಿ. ಅಲ್ಲೇ ಒಂದ್ ಹುಡ್ಗನ್ನೂ ನೋಡಿ ಇಟ್ಟೆ."

"ಹುಡ್ಗಿಗೆ ಹನ್ನೆರಡೇ ವರ್ಷ, ಹರಿಶ್ಚಂದ್ರರೆ!"

"ಲಗ್ನ ಈಗ್ಲೇ ಅಂದ್ನೇ? ಎರಡು ವರ್ಷ ಬಿಟ್ಟು. ಐದನೆ ಇಯತ್ತೆ ಇದ್ದಿದ್ರೆ ಬೇರೆ ಮಾತು."

"ಮೂರನೆ ಶನಿವಾರದವರೆಗೆ ತಡೀರಿ" ಎಂದೆ. ಅವರು ಹೂಂ ಎಂದರು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ. ಬೇಲಿಯಾಚೆ ನಿಂತ ಕಾಶಿ ನನ್ನನ್ನೇ ನೋಡುತ್ತಿದ್ದಳು.

ಮಣ್ಣಿನ ಕೆಲಸ ಅಂದರೆ ಅಂಕೋಲೆಯಲ್ಲಿ ಬೀರಿ. ಮಳೆಗಾಲದಲ್ಲಿ ಕೊಚ್ಚಿಹೋದ ಅಂಗಳಗಳನ್ನು ದೀಪಾವಳಿ ಹೊತ್ತಿಗೆ ಅಗೆದು, ನೆನೆಸಿ, ಮಣೆಯಿಂದ ಬಡಿದು, ಸಗಣಿ ಸಾರಿಸಿ ಹೊಸದು ಮಾಡುವುದು ಆಕೆಯ ಕೆಲಸ. ಬೀರಿ ಮಾಡಿದ ಅಂಗಳದಲ್ಲಿ ಒಂದು ಹನಿ ನೀರು ನಿಲ್ಲುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು. ಕೊರಳ ತುಂಬ ಮಣಿಸರ, ಬಾಯಲ್ಲಿ ಎಲೆಯಡಿಕೆ, ಸಿಟ್ಟಿನಲ್ಲಿ ನನಗೆ ಸರಿಜೋಡಿ. ನಾನು ಗೋಡೆಯ ನಕಾಶೆ ತಂದು ತೋರಿಸಿ ಹೀಗೆ ಹೀಗೆ ಎಂದೆ.

"ಇಷ್ಟೇ ಅಲ್ದಾ? ದೊಡ್ಡ ಅಂಗ್ಳ, ಅಂಚು ಸೊಟ್ಟ" ಎಂದಳು ಬೀರಿ. "ಮಾಡ್ವ."

ಎರಡು ವಾರ ಕೆಲಸ ನಡೆಯಿತು. ನಾನು ಒಳಗೆ ಪಾಠ ಹೇಳುವಾಗ ಹಿಂದಿನಿಂದ ಧಪ್ ಧಪ್ ಎಂದು ಬಡಿಯುವ ಸದ್ದು ಕೇಳುತ್ತಿತ್ತು. ಕೆಳಗಿನ ಹಾಸು ಗಟ್ಟಿಯಾದ ಮೇಲೆ ಅದರ ಮೇಲೆ ಹುಡುಗಿಯರು ಹಿಮಾಲಯ ಕಟ್ಟಿದರು, ಸಹ್ಯಾದ್ರಿ ಕಟ್ಟಿದರು, ನದಿಗಳಿಗೆ ಬೆರಳಿನಿಂದ ಗೆರೆ ತೆಗೆದರು. ಬೀರಿಯ ಗಂಡ ಮಾಬ್ಲ ಅರಬೈಲ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂಡಿ ಹೊಡೆಯುವವನು. ಅವನು ಒಂದು ಚೀಲ ಕರಿಮಣ್ಣು ತಂದುಕೊಟ್ಟ. ಅದನ್ನು ದಖ್ಖನದ ಮೇಲೆ ಹರಡಿದೆವು. ಪಂಜಾಬಕ್ಕೆ ಗೋಧಿ, ಬಂಗಾಲಕ್ಕೆ ಸೆಣಬು, ಗುಜರಾತಕ್ಕೆ ಹತ್ತಿ, ಮಲಬಾರಕ್ಕೆ ಮೆಣಸು, ಅಸ್ಸಾಮಕ್ಕೆ ಹರಿಶ್ಚಂದ್ರರ ಮನೆಯಿಂದ ಕಾಶಿ ಕದ್ದು ತಂದ ಒಂದು ಚಿಟಿಕೆ ಚಹಾ. ಹೊನ್ನು ಎಂಬ ಹುಡುಗಿ ಅಂಕೋಲೆಯ ಜಾಗಕ್ಕೆ ಉಪ್ಪು ಇಡೋಣ ಎಂದಳು. ಆರು ವರ್ಷದ ಹಿಂದೆ ಉಪ್ಪಿನ ಸತ್ಯಾಗ್ರಹದಲ್ಲಿ ನಮ್ಮ ಸಮುದ್ರ ದಂಡೆಯ ಮೇಲೆ ಏನೇನಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತಲ್ಲ! ಸರಕಾರಿ ಪಗಾರದವಳು ನಾನು, ಸುಮ್ಮನಿರೇ ಎಂದು ಗದರಿ ಒಣಮೀನು ಇಡಿಸಿದೆ.

ಸಾಹೇಬರು ಬರುವುದು ಶನಿವಾರ. ಗುರುವಾರ ಮಧ್ಯಾಹ್ನ, ಒಮ್ಮೆ ನೋಡಿಬಿಡೋಣ ಎಂದು ಕಾಶಿಯ ಕೈಗೆ ಚಂಬು ಕೊಟ್ಟೆ. ನಾಸಿಕದ ಬಳಿ ಗೋದಾವರಿಗೆ ಹೊಯ್ಯಿ ಎಂದೆ.

ಹೊಯ್ದಳು. ಗೋದಾವರಿ ಪೂರ್ವಕ್ಕೆ ಹೋಗಲಿಲ್ಲ. ಅಲ್ಲೇ ಸುತ್ತಿ, ಹಿಂದೆ ಸರಿದು, ಸಹ್ಯಾದ್ರಿಯ ಬುಡದಲ್ಲಿ ನಿಂತಿತು. ಕೃಷ್ಣೆಗೆ ಹೊಯ್ದರೆ ಅದೂ ಅಲ್ಲಿಗೇ ಬಂತು. ಕಾವೇರಿಯೂ ಬಂತು. ಗಂಗೆಗೆ ಹೊಯ್ದ ನೀರು ಕಾಶಿ ಪಟ್ಟಣದಿಂದ ಹಿಮ್ಮುಖವಾಗಿ ದಿಲ್ಲಿಗೆ ಹತ್ತಿ ರಜಪೂತಾನದ ಮರುಭೂಮಿಯನ್ನು ಕೆರೆ ಮಾಡಿತು. ನಾವು ಬಾಯಿಬಿಟ್ಟು ನೋಡುತ್ತಿದ್ದಂತೆ ಸಹ್ಯಾದ್ರಿ ಫಸಕ್ಕನೆ ಒಡೆಯಿತು. ಕಾರವಾರ, ಅಂಕೋಲೆ ಎರಡೂ ಕೆಸರಾಗಿ ಅರಬ್ಬೀ ಸಮುದ್ರ ಸೇರಿದವು.

"ಬೀರೀ!" ಎಂದು ಕೂಗಿದೆ. ಪೇಟೆಯವರೆಗೆ ಕೇಳಿಸಿರಬೇಕು.

ಬೀರಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಆಕೆಯ ಮುಖದಲ್ಲಿ ಸಂತೋಷ! "ಕಂಡ್ರಾ ಅಕ್ಕೋರೆ? ಒಂದ್ ಹನಿ ನಿಂತದ್ಯಾ? ಎಲ್ಲಾ ಪಡು ಬದಿಗೆ ಹೋಯ್ತು. ನಿಮ್ ಹುಡ್ಗೀರು ಕಟ್ಟದ ಗುಡ್ಡ ಅಡ್ಡ ಬಂದದ್ದಕ್ಕೆ ತಡವಾಯ್ತು, ಅಷ್ಟೇಯ."

"ಪಡು ಬದಿಗೆ ಇಳಿಜಾರು ಕೊಡು ಅಂತ ಯಾರು ಹೇಳಿದರು ನಿನಗೆ?"

"ಯಾರು ಹೇಳೂದು ಯಂತಕ್ಕೆ? ಹೊಳಿ ಅಂದ್ಮೇಲೆ ಪಡು ಬದಿಗೇ ಹೋಗೂದು. ಗಂಗಾವಳಿ ಹೋಗೂದಿಲ್ವಾ? ಕಾಳಿ ಹೋಗೂದಿಲ್ವಾ? ನೀರು ಸಮುದ್ರಕ್ಕೆ ಹೋಗ್ದೆ ಗುಡ್ಡ ಹತ್ತೂಕೆ ಹೋಗ್ತದಾ?"

"ಇವೆಲ್ಲ ಪೂರ್ವಕ್ಕೆ ಹೋಗುವ ನದಿಗಳು ಮಾರಾಯ್ತಿ! ಆ ಕಡೆಗೂ ಒಂದು ಸಮುದ್ರ ಇದೆ!"

"ನೀವು ನೋಡೀರಾ?"

ನೋಡಿರಲಿಲ್ಲ. ನಾನು ಏಳನೆ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದು ಕಾರವಾರದಲ್ಲಿ, ನೌಕರಿ ಅಂಕೋಲೆಯಲ್ಲಿ. ಘಟ್ಟದ ಮೇಲೆ ಒಮ್ಮೆಯೂ ಕಾಲಿಟ್ಟವಳಲ್ಲ. ಓಡಿಹೋಗಿ ಪುಸ್ತಕ ತಂದು, ನೋಡು ಇಲ್ಲಿ ಬರೆದಿದೆ ಎಂದು ಬೆರಳಿಟ್ಟು ತೋರಿಸಿದೆ.

"ಪುಸ್ತ್ಕದ ಮೇಲೆ ನೀರು ಹೊಯ್ದ್ ನೋಡೀರಾ?" ಎಂದಳು ಬೀರಿ.

ಮಾಬ್ಲ ಬಂಡಿ ಬಿಟ್ಟು ಅಲ್ಲೇ ನಿಂತಿದ್ದ. ನೀನಾದರೂ ಘಟ್ಟ ಹತ್ತಿದವನು, ಹೇಳು ಎಂದೆ. ಅವನು ತಲೆ ಕೆರೆದುಕೊಂಡ. "ಸುಳ್ಳ್ಯಾಕೆ ಹೇಳ್ಲಿ ಅಕ್ಕೋರೆ, ಗಂಗಾವಳಿ ನೀರು ಧಾರವಾಡದ ಬದಿಯಿಂದ್ಲೇ ಬರೂದು. ಅಲ್ಲಿನ ನೀರೂ ನಮ್ ಬದಿಗೇ ಇಳೀತದೆ." ಅದೂ ನಿಜವೇ!

ಹುಡುಗಿಯರ ಎದುರಿಗೆ ಹಿತ್ತಲ ಬಾವಿ ಕಟ್ಟೆಯ ಮೇಲೆ ಕುಸಿದು ಕುಳಿತೆ. ಅಳು ಬಂತು, ಸುಳ್ಳು ಹೇಳುವುದಿಲ್ಲ. ಹತ್ತು ವರ್ಷ ನಾನು ಕೃಷ್ಣೆ, ಗೋದಾವರಿ ಪೂರ್ವಾಭಿಮುಖವಾಗಿ ಹರಿಯುತ್ತವೆ ಎಂದು ಹಾಡಿದ್ದೇ ಹಾಡಿದ್ದು. ಅದು ಯಾಕೆ ಎಂದು ಒಂದು ದಿನ ಯೋಚಿಸಿದವಳಲ್ಲ. ಬೀರಿ ಇಳಿಜಾರು ಕೊಡುವಾಗ ದಿನಾ ನೋಡಿದ್ದೆ, ಚೆನ್ನಾಗಿದೆ ಎಂದಿದ್ದೆ, ನನಗೆ ಏನೂ ತಪ್ಪು ಕಂಡಿರಲಿಲ್ಲ. ಸಾಹೇಬರು ಹೇಳಿದ ಗಿಳಿ ಹುಡುಗಿಯರಲ್ಲ, ನಾನು.

ಬೀರಿ ನನ್ನ ಅಳು ನೋಡಿ ಮೆತ್ತಗಾದಳು. ಪಕ್ಕದಲ್ಲಿ ಬಂದು ಕುಳಿತು, ಎಲೆಯಡಿಕೆ ಉಗಿದು, ಗಂಡನನ್ನು ಕೇಳಿದಳು: "ಹೌದ ಮಾರಾಯಾ, ಘಟ್ಟ ಹತ್ತದ್ಮೇಲೆ ಹುಬ್ಬಳ್ಳಿಗೆ ಮತ್ತೆ ಅಷ್ಟೇ ಇಳೀತ್ಯಾ?"

"ಎಲ್ಲಿಂದ ಇಳೂದು! ಅರಬೈಲ ಹತ್ತೂಕೆ ಎತ್ತಿನ ಬಾಯಲ್ಲಿ ನೊರೆ ಬತ್ತದೆ. ಮೇಲೆ ಹೋದ್ಮೇಲೆ ಬರೀ ಬಯಲು. ಇಳದದ್ದು ಗೊತ್ತೇ ಆಗೂದಿಲ್ಲ. ಹುಬ್ಬಳ್ಳಿಯಿಂದ ಆಚೆ ಹೋದವರೂ ಹೇಳ್ತ್ರು, ಬಯಲೋ ಬಯಲು."

"ಹತ್ತದ್ದು ಎಲ್ಲೋಯ್ತು ಹಾಂಗಾರೆ? ಹತ್ತದ್ದು ಇಳೀಲೇಬೇಕಲ್ಲ." ಬೀರಿ ತಲೆಯೆತ್ತಿ ಶಾಲೆಯ ಮಾಡನ್ನು, ಹೆಂಚಿನ ಛಾವಣಿಯನ್ನು, ನೋಡಿದಳು. ಎದುರಿನ ಜಗಲಿಯ ಕಡೆಗೆ ಮಾಡು ಗಿಡ್ಡ, ಕಡಿದು ಇಳಿದಿತ್ತು. ಹಿತ್ತಲ ಕಡೆಗೆ ಉದ್ದಕ್ಕೆ ಇಳಿದು ನೆಲಕ್ಕೆ ಹತ್ತಿರ ಬಂದಿತ್ತು. ಫಕ್ಕನೆ ನನ್ನ ತೋಳು ಹಿಡಿದಳು.

"ಅಯ್ಯೋ ನನ್ ಕರ್ಮವೇ! ಅಕ್ಕೋರೆ, ಇದು ಅಂಗ್ಳ ಅಲ್ಲ, ಮಾಡು! ಘಟ್ಟ ಅಂದ್ರೆ ಮಾಡಿನ ನೆತ್ತಿ. ನಾವು ಇರೂದು ಗಿಡ್ಡ ಬದಿಗೆ. ಆಚೆ ಬದಿ ಉದ್ದ, ಇಳೀತಾ ಇಳೀತಾ ಹೋಗಿ ಮೂಡ ಸಮುದ್ರಕ್ಕೆ ಮುಟ್ತದೆ. ಗಂಗಾವಳಿಯಂಥದ್ದು ನೆತ್ತಿ ಹೆಂಚು ಒಡದು ಈಚೆ ಸೋರದ್ದು, ಅಷ್ಟೇ. ಹೌದಾ?"

ಪುಸ್ತಕದಲ್ಲಿ ನಾಲ್ಕು ಪುಟ ಇದ್ದದ್ದು ನನಗೆ ಆಗ, ಆ ಬಾವಿ ಕಟ್ಟೆಯ ಮೇಲೆ, ಮೊದಲ ಸಲ ಅರ್ಥವಾಯಿತು. ಹೌದು ಹೌದು ಎಂದು ಅಳುತ್ತಲೇ ನಕ್ಕೆ.

ಬೀರಿ ಎದ್ದು ಮಣ್ಣಿನ ನಕಾಶೆಯಲ್ಲಿ ಸಹ್ಯಾದ್ರಿಯಿಂದ ಸಮುದ್ರಕ್ಕೆ ಕೈಯಿಂದ ಅಳೆದಳು. "ಇಷ್ಟ್ ದೊಡ್ಡ ದೇಶದಲ್ಲಿ ನಾವು ಬರೀ ಒಂದ್ ಗೇಣಾ? ಅದೂ ಪೂರ್ತಿ ಇಲ್ಲ! ಥೋ, ನಾನು ಒಂದ್ ಗೇಣು ನೋಡಿ ಹದಿನಾರು ಮೊಳದ ನೀರು ತಿರಗ್ಸದ್ನಲ್ಲ!" ಎಂದು ತನ್ನ ತಲೆಗೆ ತಾನೇ ಹೊಡೆದುಕೊಂಡಳು. ಹುಡುಗಿಯರೆಲ್ಲ ನಕ್ಕರು.

ಇದ್ದದ್ದು ಒಂದೇ ದಿನ, ಅದೂ ಭತ್ತದ ಕೊಯ್ಲಿನ ಕಾಲ. ಕೂಲಿ ಕೊಡುತ್ತೇನೆ ಎಂದರೂ ಒಂದು ಆಳು ಸಿಗದು. "ಕೂಲಿಗೆ ಯಾರೂ ಬರೂದಿಲ್ಲ. ಮುಯ್ಯಾಳಿಗೆ ಬರ್ತ್ರು" ಎಂದಳು ಬೀರಿ. ಅಂದರೆ ಅವರು ಬಂದು ನನ್ನ ಕೆಲಸ ಮಾಡುವುದು, ಬದಲಿಗೆ ನಾನು ಹೋಗಿ ಅವರ ಗದ್ದೆಯಲ್ಲಿ ಕೊಯ್ಯುವುದು. ಆಗಲಿ ಎಂದೆ. ಕತ್ತಿ ಹಿಡಿದು ಗೊತ್ತಿರದ ನಾನು ಎಷ್ಟು ಧೈರ್ಯದಿಂದ ಆಗಲಿ ಎಂದೆನೋ ದೇವರೇ ಬಲ್ಲ.

ಶುಕ್ರವಾರ ಬೆಳಿಗ್ಗೆ ಬೀರಿಯ ಕೊಪ್ಪದಿಂದ, ಅಂದರೆ ಅವಳ ಕೇರಿಯಿಂದ, ಹನ್ನೊಂದು ಹೆಂಗಸರು ಬಂದರು. ಮಾಸ್ತಮ್ಮ ಎಂಬ ಮುದುಕಿ ಮುಂದಾಳು. ಪೂರ್ವದ ಕಡೆ ಕಡಿದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಪಶ್ಚಿಮಕ್ಕೆ ಹೊತ್ತರು. ಬಂಗಾಲ ತಗ್ಗಿತು, ದಖ್ಖನ ಎದ್ದಿತು. ಹನ್ನೆರಡು ಮಣೆಗಳು ಒಟ್ಟಿಗೆ ಬಡಿಯತೊಡಗಿದರೆ ಶಾಲೆಯ ಕಿಟಕಿಗಳು ಅದುರಿದವು. ಹಾಸು ಗಟ್ಟಿಯಾದ ಹಾಗೆ ಹುಡುಗಿಯರು ಬೆಟ್ಟ, ನದಿ, ಕರಿಮಣ್ಣು, ಬೆಳೆ ಎಲ್ಲವನ್ನೂ ಮತ್ತೆ ಕೂರಿಸಿದರು. ನರ್ಮದೆ, ತಾಪಿ, ಸಿಂಧು ಮಾತ್ರ ಪಶ್ಚಿಮಕ್ಕೇ ಹೋಗಬೇಕು ಎಂದು ನಾನು ಹೇಳಿದಾಗ ಬೀರಿ ಎದೆಯುಬ್ಬಿಸಿದಳು. "ಕೇಳದ್ರಾ! ಮೂರಾದ್ರೂ ನನ್ ಮಾತು ಕೇಳ್ತವೆ."

ಹೆಂಗಸರು ಕೆಲಸ ಮಾಡುತ್ತ ಕೇಳಿದ್ದಕ್ಕೆ ಲೆಕ್ಕವಿಲ್ಲ. ಗೋಧಿ ತಿನ್ನುವವರಿಗೆ ಗಂಜಿ ಯಾರು ಕೊಡುತ್ತಾರೆ? ಮರಳಿನಲ್ಲಿ ಇರುವವರು ಮೀಯುವುದು ಯಾವುದರಲ್ಲಿ? ಹಿಮದ ಮೇಲೆ ಅಂಗಳ ಸಾರಿಸುವುದು ಹೇಗೆ? ಕಾಶಿ ಒಂದೊಂದಕ್ಕೂ ಉತ್ತರ ಹೇಳಿದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ನಾನು ಕಲಿಸಿದ ಯಾವ ಪಾಠವೂ ಆ ದಿನದಷ್ಟು ಚೆನ್ನಾಗಿ ನಡೆದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಒಂಬತ್ತು ಹುಡುಗಿಯರು ತಮ್ಮ ತಮ್ಮ ಪ್ರಾಂತದ ಬದಿಯಲ್ಲಿ ಚಂಬು ಹಿಡಿದು ನಿಂತಿದ್ದರು. ಬೀರಿ, ಮಾಸ್ತಮ್ಮ ಬೇಲಿಯ ಬಳಿ. ಸಾಹೇಬರು ಸುತ್ತ ಒಮ್ಮೆ ನಡೆದು, "ಛಲೋ ಮಾಡೀರಿ. ಆದ್ರ ಕಲಿಸಿಟ್ಟ ಆಟ ನನಗ ಬ್ಯಾಡ" ಎಂದರು. ತಾವೇ ಕೋಟಿನ ತೋಳು ಮೇಲೆ ಸರಿಸಿ, ಬಾವಿ ಕಟ್ಟೆಯ ಮೇಲಿದ್ದ ತುಂಬಿದ ಕೊಡ ಎತ್ತಿದರು. "ಇದು ಮಳಿಗಾಲ ಅಂತ ತಿಳೀರಿ" ಎಂದವರೇ ಇಡೀ ಸಹ್ಯಾದ್ರಿಯ ನೆತ್ತಿಯ ಮೇಲೆ ಉದ್ದಕ್ಕೂ ಸುರಿದುಬಿಟ್ಟರು!

ನೀರು ನೆತ್ತಿಯ ಮೇಲೆ ಎರಡಾಯಿತು. ಸ್ವಲ್ಪ ನಮ್ಮ ಒಂದು ಗೇಣಿನಲ್ಲಿ ದಡದಡನೆ ಇಳಿದು ಅರಬ್ಬೀ ಸಮುದ್ರ ಸೇರಿತು. ಉಳಿದದ್ದೆಲ್ಲ ಆಚೆ ಬದಿಗೆ ತಿರುಗಿತು. ಗೋದಾವರಿ ಹೊರಟಿತು, ಕೃಷ್ಣೆ ಹೊರಟಿತು, ಕಾವೇರಿ ಹೊರಟಿತು. ಸಹ್ಯಾದ್ರಿ ಅಲುಗಲಿಲ್ಲ. ಕೃಷ್ಣೆಯ ಜೊತೆಗೆ ಕಾಶಿ ನಡೆದಳು, ಕಾಶಿಯ ಹಿಂದೆ ಸಾಹೇಬರು ನಡೆದರು. ಕರಿಮಣ್ಣು ನೆಂದು ಮಿರುಗುವ ಜಾಗಕ್ಕೆ ಬಂದಾಗ ಅವರು ನಿಂತುಬಿಟ್ಟರು. ಆಮೇಲೆ ಮೊಣಕಾಲೂರಿ ಕುಳಿತರು.

"ಇಲ್ಲೇ ನೋಡು ನಮ್ಮೂರು" ಎಂದರು. ಧ್ವನಿ ಬೇರೆಯಾಗಿತ್ತು. "ಹೊಳಿ ದಂಡಿ ಮ್ಯಾಲ. ಇಲ್ಲಿ ಮಂದಿ ಏನ್ ಉಣ್ತಾರ, ಹೇಳು."

"ಜೋಳದ ರೊಟ್ಟಿ. ಮೀನು ಕಮ್ಮಿ" ಎಂದಳು ಕಾಶಿ.

"ಮಾತು?"

"ಕನ್ನಡವೇ. ಆದ್ರೆ ನಮ್ಮ ಹಾಂಗೆ ಅಲ್ಲ, ನಿಮ್ಮ ಹಾಂಗೆ."

ಸಾಹೇಬರು ನಕ್ಕರು. "ಮುಂದ?"

"ಮುಂದೆ ನಿಜಾಮರ ಸೀಮೆ. ಆಮೇಲೆ ತೆಲುಗು ಮಾತಾಡುವವರು. ಅಲ್ಲಿ ಮತ್ತೆ ನಮ್ಮ ಹಾಂಗೆ ಅನ್ನ, ಮೀನು. ಆಮೇಲೆ ಮೂಡ ಸಮುದ್ರ."

"ಹೊಳಿ ಆ ಕಡೆ ಯಾಕ ಹೋಗತೈತಿ?"

ಕಾಶಿ ನನ್ನ ಕಡೆ ನೋಡಲಿಲ್ಲ. ಶಾಲೆಯ ಮಾಡಿನ ಕಡೆ ಕೈ ತೋರಿಸಿದಳು. "ಘಟ್ಟ ಅಂದ್ರೆ ಮಾಡಿನ ನೆತ್ತಿ. ಗಿಡ್ಡ ಬದಿಗೆ ನಾವು, ಉದ್ದ ಬದಿಗೆ ನೀವು."

ಸಾಹೇಬರು ಮಾಡು ನೋಡಿದರು, ಮಣ್ಣು ನೋಡಿದರು, ಹುಡುಗಿಯನ್ನು ನೋಡಿದರು. "ಹತ್ತು ವರ್ಷ ಆತು ಈ ಕರಾವಳಿಗೆ ಬಂದು. ನಮ್ಮ ಹೊಳಿ ಆ ಕಡೆ ಹರೀತೈತಿ ಅಂದ್ರ ಇಲ್ಲಿಯವರು ನಗತಿದ್ರು" ಎಂದರು. "ಯಾರು ಹೇಳಿದ್ರು ಇದನ್ನ ನಿನಗ?"

"ಬೀರಕ್ಕ" ಎಂದಳು ಕಾಶಿ. ಒಂಬತ್ತೂ ಹುಡುಗಿಯರು ಬೇಲಿಯ ಕಡೆ ಕೈ ಮಾಡಿದರು. ನಾನು ಕಲಿಸಿದೆ ಎಂದು ಅವಳು ಹೇಳಬಹುದಿತ್ತು. ಹೇಳದಿದ್ದದ್ದಕ್ಕೆ ನನಗೆ ಆದಷ್ಟು ಹೆಮ್ಮೆ ಹೇಳಿದ್ದರೆ ಆಗುತ್ತಿರಲಿಲ್ಲ. ಸಾಹೇಬರು ಎದ್ದು ಬೀರಿಗೆ ಕೈ ಮುಗಿದರು. ಬೀರಿ ಗಾಬರಿಯಾಗಿ ಮಾಸ್ತಮ್ಮನ ಹಿಂದೆ ಅಡಗಿದಳು. ಜನ್ಮದಲ್ಲಿ ಆಕೆ ಬಾಯಿ ಮುಚ್ಚಿದ್ದು ಅದೊಂದೇ ಸಲ ಇರಬೇಕು.

ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಪುಸ್ತಕ ತರಿಸಿ ಸಾಹೇಬರು ಅಲ್ಲೇ ಬಾವಿ ಕಟ್ಟೆಯ ಮೇಲೆ ಕುಳಿತು ಬರೆದರು. ಈ ಸೋಮವಾರದಿಂದ ಐದನೆ ಇಯತ್ತೆ ತೆರೆಯಲು ಮಂಜೂರಿ ಇದೆ. ಕೆಳಗೆ ಸಹಿ. ನಾನು ಗಟ್ಟಿಯಾಗಿ ಓದಿದೆ. ಎರಡನೆ ಸಲ ಓದಿದೆ. ಮೂರನೆ ಸಲ ಓದಲು ಹೋದಾಗ ಹುಡುಗಿಯರು ನನ್ನನ್ನೇ ಎಳೆದುಕೊಂಡು ಹಿಮಾಲಯದ ಸುತ್ತ ಕುಣಿದರು. ಕಾಶ್ಮೀರ ಸ್ವಲ್ಪ ಹಾಳಾಯಿತು. ಆಗಲಿ!

ಸಂಜೆ ನಾಲ್ಕು ಗಂಟೆಗೆ ಹರಿಶ್ಚಂದ್ರರು ಮಗಳನ್ನು ಕರೆದುಕೊಂಡು ಹೋಗಲು ಬಂದರು. ಸುದ್ದಿ ಇನ್ನೂ ಕಚೇರಿಗೆ ಮುಟ್ಟಿರಲಿಲ್ಲ. ನಾನು ಶೇರಾ ಪುಸ್ತಕ ಮುಂದೆ ಹಿಡಿದೆ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅಷ್ಟರಲ್ಲಿ ಕಾಶಿ ಬಂದು, "ಅಪ್ಪಾ, ಬನ್ನಿ ತೋರಸ್ತೆ" ಎಂದು ಅವರ ಕೈ ಹಿಡಿದು ಹಿತ್ತಲಿಗೆ ಎಳೆದಳು.

"ಅಲ್ಲಿ ಕಾಲಿಡಬೇಡಿ! ಅದು ಗಂಗೆ!"

ಹರಿಶ್ಚಂದ್ರರು ಎತ್ತಿದ ಕಾಲು ಹಾಗೆಯೇ ಹಿಡಿದು ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡರು, ಧೋತರದ ಅಂಚು ಮೇಲೆತ್ತಿದರು. ಮಗಳು ಹೆಜ್ಜೆ ಇಟ್ಟಲ್ಲಿ ಹೆಜ್ಜೆ ಇಡುತ್ತ ನಡೆದರು. ಅವಳು ಪಂಜಾಬ ಹೇಳಿದಳು, ಬಂಗಾಲ ಹೇಳಿದಳು, ಅಸ್ಸಾಮದ ಚಹಾ ಯಾರ ಮನೆಯದು ಎಂದೂ ಹೇಳಿದಳು. ಅವರು ಎಲ್ಲದಕ್ಕೂ ಹೌದಾ ಹೌದಾ ಎನ್ನುತ್ತ ಕನ್ಯಾಕುಮಾರಿಯವರೆಗೆ ಹೋದರು. ಅಷ್ಟು ಹೊತ್ತು ಅವರು ಮಗಳ ಮಾತು ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಲಬಾರದ ದಂಡೆ ಹಿಡಿದು ನನ್ನ ಹತ್ತಿರ ತಿರುಗಿ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

"ಅಕ್ಕೋರೆ, ಸೋಮವಾರ ಸಾಲೆ ಎಷ್ಟ್ ಗಂಟಿಗೆ?"

"ಹತ್ತೂವರೆಗೆ" ಎಂದೆ. "ತಡವಾಗಿ ಕಳಿಸಿದರೆ ನಿಮ್ಮನ್ನೇ ಹೊರಗೆ ನಿಲ್ಲಿಸುತ್ತೇನೆ."